ಹಳೆಯ ನಾಲೆ, ಹೊಸ ನಾಲೆ: ತೌಲನಿಕ ಪ್ರಬಂಧಕ್ಕೆ ಮಾರ್ಗದರ್ಶನ ಬೇಕು

ಪ್ರಶ್ನೆ – ಮದ್ದೂರಿನ ವಿದ್ಯಾರ್ಥಿನಿ

ಮಾನ್ಯರೇ, ಮದುವೆ, ಮಕ್ಕಳು, ಸಂಸಾರದ ನಡುವೆ ನಿಂತುಹೋಗಿದ್ದ ಓದನ್ನು ನಲವತ್ತು ದಾಟಿದ ಮೇಲೆ ಮತ್ತೆ ಹಿಡಿದು, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದೇನೆ. ತೌಲನಿಕ ಪ್ರಬಂಧಕ್ಕಾಗಿ ಶ್ರೀರಂಗಪಟ್ಟಣ ಸೀಮೆಯ ಚಿಕ್ಕದೇವರಾಜಸಾಗರ ನಾಲೆಯನ್ನೂ ಕನ್ನಂಬಾಡಿ ಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯನ್ನೂ ಆರಿಸಿಕೊಂಡಿದ್ದೇನೆ. ನನ್ನ ತವರಿನ ಗದ್ದೆ ಮೊದಲನೆಯದರ ಅಚ್ಚುಕಟ್ಟಿನಲ್ಲಿದೆ. ಅತ್ತೆಮನೆಯ ಜಮೀನು ಎರಡನೆಯದರ ಕೊನೆಭಾಗದಲ್ಲಿದೆ. ಮೊದಲರ್ಧದಲ್ಲಿ ಹಳೆಯ ನಾಲೆಯ ಚರಿತ್ರೆ, ಉಳಿದರ್ಧದಲ್ಲಿ ಹೊಸದರ ಚರಿತ್ರೆ, ಕೊನೆಯಲ್ಲಿ ಸಾಮ್ಯ ಮತ್ತು ವ್ಯತ್ಯಾಸಗಳ ಪಟ್ಟಿ ಎಂಬ ಕ್ರಮ ಸರಿಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ – ನಿವೃತ್ತ ಅಧ್ಯಾಪಕ, ಮೈಸೂರು

ವಿಷಯದ ಆಯ್ಕೆ ಬಹಳ ಚೆನ್ನಾಗಿದೆ, ತಾಯಿ. ಆದರೆ ಈ ಕ್ರಮದಲ್ಲಿ ಬರೆದರೆ ಎರಡು ಚರಿತ್ರೆಗಳು ಅಕ್ಕಪಕ್ಕ ಕುಳಿತಿರುತ್ತವೆಯೇ ಹೊರತು ಒಂದನ್ನೊಂದು ಮಾತನಾಡಿಸುವುದಿಲ್ಲ. ಒಂದು ಹದಿನೇಳನೆಯ ಶತಮಾನದ ಕೊನೆಯಲ್ಲಿ ಆಳಿದ ಅರಸರ ಹೆಸರು ಹೊತ್ತಿದೆ, ಇನ್ನೊಂದು ಇಪ್ಪತ್ತನೆಯ ಶತಮಾನದ್ದು ಎಂಬುದು ವ್ಯತ್ಯಾಸವೇನೋ ಹೌದು, ಆದರೆ ಅದರಿಂದ ಯಾವ ವಾದವೂ ಹುಟ್ಟುವುದಿಲ್ಲ. ಎರಡು ನಾಲೆಗಳೂ ಉತ್ತರಿಸಲೇಬೇಕಾದ ಒಂದೇ ಪ್ರಶ್ನೆಯನ್ನು ಮೊದಲು ನಿಶ್ಚಯಿಸಿಕೊಳ್ಳಿ. ನನ್ನನ್ನು ಕೇಳಿದರೆ ಆ ಪ್ರಶ್ನೆ ಇದು: ಹೊಳೆಯಲ್ಲಿ ನೀರು ಕಡಿಮೆಯಾದ ವರ್ಷ ಯಾರ ಗದ್ದೆಗೆ ನೀರು, ಯಾರ ಗದ್ದೆಗೆ ಇಲ್ಲ ಎಂಬುದನ್ನು ಯಾರು ತೀರ್ಮಾನಿಸುತ್ತಿದ್ದರು?

ಹೀಗೆ ಕೇಳಿದೊಡನೆ ಸಂಗತಿಗಳು ತಾವಾಗಿಯೇ ಜೋಡಿಯಾಗುತ್ತವೆ. ಹಳೆಯ ಅಣೆಕಟ್ಟೆ ಹರಿಯುವ ಹೊಳೆಯನ್ನು ತಿರುಗಿಸುತ್ತಿತ್ತೇ ವಿನಾ ಕೂಡಿಡುತ್ತಿರಲಿಲ್ಲ. ಹೊಳೆ ಇಳಿದರೆ ನಾಲೆಯೂ ಇಳಿಯುತ್ತಿತ್ತು, ಇದ್ದಷ್ಟು ನೀರನ್ನು ನೀರುಗಂಟಿ (ಗದ್ದೆಗಳಿಗೆ ನೀರು ಬಿಡುವ ಊರಿನ ಕೆಲಸಗಾರ) ಮತ್ತು ಊರಿನ ಹಿರಿಯರು ಹಂಚಬೇಕಿತ್ತು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆ ಸುಮಾರು 49 ಟಿಎಂಸಿ ನೀರನ್ನು ಹಿಡಿದಿಡಬಲ್ಲದು. ಕೂಡಿಟ್ಟ ನೀರನ್ನು ಯಾವಾಗ, ಎಷ್ಟು ಬಿಡಬೇಕೆಂಬುದು ಕಚೇರಿಯಲ್ಲಿ ನಿರ್ಧಾರವಾಗುವ ವಿಷಯ. ಮೇಲಾಗಿ ಆ ನೀರಿಗೆ ರೈತನೊಬ್ಬನೇ ಹಕ್ಕುದಾರನಲ್ಲ: 1902ರಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳುಹಿಸುತ್ತಿದ್ದ ಶಿವನಸಮುದ್ರದ ಯಂತ್ರಗಳಿಗೆ ಬೇಸಿಗೆಯಲ್ಲೂ ಹರಿವು ಬೇಕಿತ್ತು, ಕೆಳಗಿನ ಮದರಾಸು ಪ್ರಾಂತದೊಡನೆ 1924ರ ಒಪ್ಪಂದವಿತ್ತು. ನಿಮ್ಮ ಪ್ರಬಂಧದ ಹೃದಯ ಇಲ್ಲಿದೆ. ಪುಟಗಳನ್ನು ಇದಕ್ಕೇ ಕೊಡಿ. ಕಟ್ಟೆಯ ಎತ್ತರ, ಗಾರೆಯ ಬಗೆ ಮುಂತಾದವುಗಳಿಗೆ ಒಂದು ಪ್ಯಾರಾ ಸಾಕು.

ಉತ್ತರ – ನೀರಾವರಿ ಇಲಾಖೆಯಲ್ಲಿದ್ದವರು, ಪಾಂಡವಪುರ

ಮೇಷ್ಟ್ರ ಮಾತನ್ನು ಒಪ್ಪುತ್ತಲೇ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಈ ಎರಡು ನಾಲೆಗಳನ್ನು ಪೂರ್ತಿ ಬೇರೆ ಬೇರೆ ಎಂದು ಭಾವಿಸಬಾರದು. ಮೇಲೆ ಜಲಾಶಯ ಬಂದ ನಂತರ ಅದರ ಕೆಳಗಿನ ಹಳೆಯ ನಾಲೆಗಳೂ ಅಲ್ಲಿಂದ ಬಿಟ್ಟ ನೀರನ್ನೇ ನೆಚ್ಚಿಕೊಂಡವು. ಆದ್ದರಿಂದ ತಾವು ಹೋಲಿಸುತ್ತಿರುವುದು ಕಟ್ಟೆಗಿಂತ ಮುಂಚಿನ ಚಿಕ್ಕದೇವರಾಜಸಾಗರ ನಾಲೆಯನ್ನೋ ಇಂದಿನದನ್ನೋ ಎಂಬುದನ್ನು ಮೊದಲ ಪುಟದಲ್ಲೇ ಹೇಳದಿದ್ದರೆ, ಮುಂದಿನ ಪ್ರತಿಯೊಂದು ವಾಕ್ಯವೂ ಸಡಿಲವಾಗುತ್ತದೆ. ಬೆಳೆಯ ವಿಚಾರವನ್ನೂ ಬಿಡಬೇಡಿ. ಮಂಡ್ಯದ ಸಕ್ಕರೆ ಕಾರ್ಖಾನೆ 1933ರಲ್ಲಿ ಸ್ಥಾಪನೆಯಾಯಿತು, ಜಿಲ್ಲೆ 1939ರಲ್ಲಿ ರಚನೆಯಾಯಿತು; ರಾಗಿ ಬೆಳೆಯುತ್ತಿದ್ದ ಬಯಲಿಗೆ ಕಬ್ಬು ಬಂದದ್ದು ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ. ಕಬ್ಬು ವರ್ಷವಿಡೀ ನೆಲದಲ್ಲಿ ನಿಲ್ಲುವ ಬೆಳೆಯಾದ್ದರಿಂದ, ಒಂದು ಸರದಿ ತಪ್ಪಿದರೆ ಆಗುವ ನಷ್ಟದ ಸ್ವರೂಪವೇ ಬೇರೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ನಮಸ್ಕಾರಗಳು. ಹೊಸ ನಾಲೆಗೆ ಸರ್ಕಾರದ ವರದಿಗಳು ಸಿಗುತ್ತವೆ. ಹಳೆಯದಕ್ಕೆ ಅಷ್ಟು ದಾಖಲೆಗಳಿಲ್ಲ. ಈ ಅಸಮತೆಯನ್ನು ಹೇಗೆ ನಿಭಾಯಿಸುವುದು, ಸರ್?

ಉತ್ತರ – ನಿವೃತ್ತ ಅಧ್ಯಾಪಕ, ಮೈಸೂರು

ಅಸಮತೆಯನ್ನು ಮುಚ್ಚಿಡದೆ ಪ್ರಬಂಧದಲ್ಲೇ ಚರ್ಚಿಸಿ. ದಾಖಲೆ ಇಲ್ಲವೆಂದ ಮಾತ್ರಕ್ಕೆ ಹಿಂದೆ ವ್ಯವಸ್ಥೆಯೇ ಇರಲಿಲ್ಲ ಎಂದೂ, ಜಗಳದ ಸುದ್ದಿ ಸಿಗಲಿಲ್ಲವೆಂದು ಎಲ್ಲರೂ ಹೊಂದಿಕೊಂಡಿದ್ದರು ಎಂದೂ ಬರೆಯುವಂತಿಲ್ಲ. ಈ ಎರಡನೆಯ ತಪ್ಪು ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚು. 1800ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅವರ ಪ್ರವಾಸ ಕಥನ, ಲೂಯಿ ರೈಸ್ ಅವರ ಗೆಜೆಟಿಯರ್, ಶ್ರೀರಂಗಪಟ್ಟಣ ತಾಲ್ಲೂಕಿನ ಶಾಸನಗಳು, ಇವಿಷ್ಟನ್ನು ಮೊದಲು ನೋಡಿ. ಆಮೇಲೆ ಮೈಸೂರಿನ ಪತ್ರಾಗಾರ ಕಚೇರಿಗೆ ಬಂದು ನೀರಾವರಿ ಕಡತಗಳನ್ನು ಕೇಳಿ. ತವರಿನಲ್ಲೂ ಅತ್ತೆಮನೆಯಲ್ಲೂ ವಯಸ್ಸಾದ ನೀರುಗಂಟಿಗಳು ಇದ್ದರೆ, ಇಬ್ಬರಿಗೂ ಒಂದೇ ಪ್ರಶ್ನೆಗಳನ್ನು ಒಂದೇ ಕ್ರಮದಲ್ಲಿ ಕೇಳಿ ಬರೆದುಕೊಳ್ಳಿ. ಪ್ರಶ್ನೆಗಳು ಬದಲಾದರೆ ಉತ್ತರಗಳನ್ನು ಹೋಲಿಸಲಾಗದು. ಅವರ ನೆನಪು ಎಷ್ಟು ಹಿಂದಕ್ಕೆ ಹೋಗುತ್ತದೆ ಎಂಬುದನ್ನೂ ಗುರುತು ಮಾಡಿಕೊಳ್ಳಿ. ಕರಡಿನ ಮೊದಲ ಪುಟ ಸಿದ್ಧವಾದಾಗ ಇಲ್ಲೇ ಹಾಕಿ, ಓದಿ ಹೇಳುತ್ತೇನೆ.