ಒಂದೇ ಟೈಲಿನಲ್ಲಿ ಎಷ್ಟು ಯೂನಿಟ್ ಪೇರಿಸಬಹುದು? ಆಡಿದವರು ಹೇಳಿ

ಪ್ರಶ್ನೆ: ಇಷ್ಟು ದಿನ ನಾನು ಕಂಪ್ಯೂಟರಿನಲ್ಲಿ ಸರದಿಯ ಮೇಲೆ ಆಡುವ ತಂತ್ರದ ಆಟ ಸಿವಿಲೈಸೇಶನ್ 5 ಮಾತ್ರ ಆಡುತ್ತಿದ್ದೆ. ಅದರಲ್ಲಿ ಒಂದು ಟೈಲಿಗೆ, ಅಂದರೆ ನಕ್ಷೆಯ ಒಂದು ಮನೆಗೆ, ಸೈನ್ಯದ ಯೂನಿಟ್ (ತುಕಡಿ) ಒಂದೇ. ಮೊನ್ನೆ ಅದೇ ಬಗೆಯ ಉಚಿತ ಆಟ ಫ್ರೀಸಿವ್ ಹಾಕಿಕೊಂಡೆ. ಇಲ್ಲಿ ಒಂದರ ಮೇಲೊಂದು ಎಷ್ಟು ಬೇಕಾದರೂ ಪೇರಿಸಬಹುದು ಅಂತ ಗೊತ್ತಾಗಿ ಖುಷಿಯೋ ಖುಷಿ. ಒಂಬತ್ತು ಯೂನಿಟ್ ಒಟ್ಟಿಗೆ ಹೊರಡಿಸಿದೆ. ಶತ್ರುವಿನ ಊರಿನ ಪಕ್ಕ ಬಯಲಿನಲ್ಲಿ ನಿಲ್ಲಿಸಿ ಟರ್ನ್ ಮುಗಿಸಿದೆ. ಊರೊಳಗಿಂದ ಒಂದೇ ಒಂದು ಕ್ಯಾಟಪಲ್ಟ್ (ಕಲ್ಲೆಸೆಯುವ ಯಂತ್ರ) ಬಂದು ಹೊಡೆಯಿತು. ಒಂಬತ್ತೂ ಮಾಯ! ಇದು ಬಗ್ ಅಲ್ವಾ? ಯಾವ ಆಟದಲ್ಲಿ ಈ ಲೆಕ್ಕ ಹೇಗೆ ಅಂತ ಸ್ವಲ್ಪ ಹೇಳಿ.

ಉತ್ತರ 1: ಬಗ್ ಅಲ್ಲ, ಅದು ಹಳೇ ನಿಯಮ. 1991ರ ಮೊದಲ ಸಿವಿಲೈಸೇಶನ್‌ನಿಂದಲೇ ಬಂದದ್ದು. ಫ್ರೀಸಿವ್‌ನಲ್ಲಿ ಅದಕ್ಕೆ ಕಿಲ್‌ಸ್ಟ್ಯಾಕ್ ಎಂಬ ಸೆಟ್ಟಿಂಗ್ ಇದೆ. ನೀವೇನೂ ಮುಟ್ಟದಿದ್ದರೆ ಅದು ಆನ್ ಆಗಿಯೇ ಇರುತ್ತದೆ. ಗುಂಪಿನಲ್ಲಿ ಯಾರು ಚೆನ್ನಾಗಿ ತಡೆಯಬಲ್ಲರೋ ಅವರನ್ನು ಆಟವೇ ಮುಂದೆ ಬಿಡುತ್ತದೆ. ಅವನು ಸೋತರೆ ಆ ಟೈಲಿನಲ್ಲಿದ್ದವರೆಲ್ಲ ಖಲಾಸ್. ಊರಿನೊಳಗೆ ಅಥವಾ ಕೋಟೆಯೊಳಗೆ ಇದ್ದರೆ ಮಾತ್ರ ಒಬ್ಬೊಬ್ಬರೇ ಸಾಯುತ್ತಾರೆ.

ನಾನೂ ಒಮ್ಮೆ ಹೀಗೇ ಹನ್ನೆರಡು ಕಳೆದುಕೊಂಡಿದ್ದೆ. ಅವತ್ತಿನಿಂದ ಹೊಸ ಆಟ ಹಿಡಿದಾಗ 'ಒಂದು ಟೈಲಿನಲ್ಲಿ ಎಷ್ಟು ಹಿಡಿಸುತ್ತದೆ' ಅಂತ ನೋಡುವುದಿಲ್ಲ. 'ಮುಂದಿನವನು ಸೋತರೆ ಜೊತೆಯವರ ಗತಿ ಏನು' ಅಂತ ಮೊದಲು ನೋಡುತ್ತೇನೆ. ಫ್ರೀಸಿವ್‌ನಲ್ಲಿ ಬಯಲಲ್ಲಿ ನಡೆಯುವಾಗ ಎರಡು ಮೂರು ಟೈಲಿಗೆ ಹಂಚಿಬಿಡಿ. ರಾತ್ರಿ ತಂಗಲು ಗುಡ್ಡ ಹುಡುಕಿ. ಆಟದಲ್ಲಿ ಕನ್‌ಸ್ಟ್ರಕ್ಷನ್ ಎಂಬ ವಿದ್ಯೆ ಕಲಿತಿದ್ದರೆ ಜೊತೆಗೆ ಕೆಲಸಗಾರರನ್ನು ಒಯ್ದು ಅಲ್ಲೇ ಒಂದು ಕೋಟೆ ಕಟ್ಟಿಸಿ. ನಿಧಾನ ಆಗುತ್ತದೆ, ಬೇಜಾರೂ ಆಗುತ್ತದೆ. ಆದರೆ ಒಂದೇ ಏಟಿಗೆ ಯುದ್ಧ ಮುಗಿಯುವುದಿಲ್ಲ.

2005ರ ಸಿವಿಲೈಸೇಶನ್ 4ರ ಕಥೆ ಬೇರೆ. ಅಲ್ಲಿ ಸೋತವನೊಬ್ಬನೇ ಸಾಯುತ್ತಾನೆ. ಹಾಗಾಗಿ ಜನ ಇಪ್ಪತ್ತು ಮೂವತ್ತು ಯೂನಿಟ್ ಒಟ್ಟಿ ತರುತ್ತಾರೆ. ಅದರಲ್ಲಿ ಒಂದು ಈಟಿಯವನು ಇದ್ದರೆ ಕುದುರೆ ಬಂದಾಗ ಅವನೇ ಎದುರು ನಿಲ್ಲುತ್ತಾನೆ. ಕೊಡಲಿಯವನಿದ್ದರೆ ಕತ್ತಿಯವನಿಗೆ ಅವನು. ಹಾಗಾದರೆ ಇಂಥ ಗುಂಪನ್ನು ಒಡೆಯುವುದು ಹೇಗೆ? ಅದಕ್ಕೇ ಕ್ಯಾಟಪಲ್ಟ್ ಇರುವುದು. ಅದು ಗುದ್ದಿದಾಗ ಎದುರು ನಿಂತವನಿಗಷ್ಟೇ ಅಲ್ಲ, ಪಕ್ಕದವರಿಗೂ ಗಾಯ. ಗುಂಪು ದೊಡ್ಡದಾದಷ್ಟೂ ಅದಕ್ಕೆ ಹಬ್ಬ. ಎರಡು ಮೂರು ಕ್ಯಾಟಪಲ್ಟ್ ಸತ್ತರೂ ಪರವಾಗಿಲ್ಲ ಅಂತ ಮೊದಲು ನುಗ್ಗಿಸಿ. ಆಮೇಲೆ ಕತ್ತಿಯವರನ್ನು ಬಿಡಿ. ಮೊದಮೊದಲು ನನಗೆ ಕ್ಯಾಟಪಲ್ಟ್ ಸಾಯಿಸಲು ಮನಸ್ಸು ಬರುತ್ತಿರಲಿಲ್ಲ. ಊರಿನ ಪಕ್ಕ ನಿಲ್ಲಿಸಿ ಗೋಡೆ ಒಡೆಯುವುದಕ್ಕಷ್ಟೇ ಬಳಸುತ್ತಿದ್ದೆ. ಅದಕ್ಕೇ ಸೋಲುತ್ತಿದ್ದೆ.

ಉತ್ತರ 2: ಪೇರಿಸುವುದೇ ಬೇಡ ಎನ್ನುವ ಪಂಗಡ ನಮ್ಮದು. ಸಿವಿಲೈಸೇಶನ್ 5ರಲ್ಲಿ ಟೈಲಿಗೆ ಒಂದೇ ಯೂನಿಟ್ ಎಂಬ ನಿಯಮ ತಂದ ಜಾನ್ ಶೇಫರ್‌ಗೆ ಸ್ಫೂರ್ತಿ 1994ರ ಪ್ಯಾಂಜರ್ ಜನರಲ್ ಎಂಬ ಆಟ. ಅದರಲ್ಲಿ ಒಂದು ಹೆಕ್ಸಿಗೆ (ಆರು ಮೂಲೆಯ ಟೈಲಿಗೆ) ನೆಲದ್ದೊಂದು, ಆಕಾಶದ್ದೊಂದು. ಚದುರಂಗದಲ್ಲಿ ಒಂದು ಮನೆಗೆ ಒಂದೇ ಕಾಯಿ ಅಲ್ವಾ, ಹಾಗೆ. ಎಲ್ಲಿ ಯಾರು ನಿಲ್ಲುತ್ತಾರೆ ಎಂಬುದೇ ಆಟ.

ತೊಂದರೆ ಟ್ರಾಫಿಕ್ ಜಾಮ್. ಎರಡು ಬೆಟ್ಟದ ನಡುವೆ ಒಂದೇ ಹೆಕ್ಸಿನ ದಾರಿ ಇತ್ತು. ನನ್ನ ಈಟಿಯವನು ಮುಂದೆ ಗಾಯಗೊಂಡು ನಿಂತಿದ್ದ. ಹಿಂದೆ ಕತ್ತಿಯವನು, ಅವನ ಹಿಂದೆ ಬಿಲ್ಲುಗಾರ. ಈಟಿಯವನು ವಾಪಸ್ ಬರಲು ಜಾಗ ಇಲ್ಲ ಅಂತ ಅವನನ್ನು ಸಾಯಲು ಬಿಟ್ಟೆ. ಎಷ್ಟೋ ದಿನದ ಮೇಲೆ ಗೊತ್ತಾಯಿತು, ಅಕ್ಕಪಕ್ಕದ ಇಬ್ಬರು ಜಾಗ ಅದಲುಬದಲು ಮಾಡಿಕೊಳ್ಳಬಹುದು! ಇಬ್ಬರಿಗೂ ಆ ಟರ್ನಿನ ನಡಿಗೆ ಬಾಕಿ ಇರಬೇಕು, ಅಷ್ಟೇ. ಅದಕ್ಕೇ ಮೊದಲು ಅದಲುಬದಲು, ಆಮೇಲೆ ಹೊಡೆತ. ನೀವು 5 ಆಡಿದವರು, ನಿಮಗೆ ಗೊತ್ತೇ ಇರಬಹುದು.

ಈ ನಿಯಮದಲ್ಲಿ ಕಂಪ್ಯೂಟರ್ ಎದುರಾಳಿ ದಡ್ಡ ಆಗಿಬಿಡುತ್ತದೆ ಎಂಬ ದೂರನ್ನು ಮಾತ್ರ ನಾನೂ ಒಪ್ಪುತ್ತೇನೆ. ಬಿಲ್ಲುಗಾರರನ್ನು ಮುಂದೆ ತಂದು ಸುಮ್ನೆ ನಿಲ್ಲಿಸುತ್ತದೆ.

ಸಿವಿಲೈಸೇಶನ್ 6ರಲ್ಲಿ ಸ್ವಲ್ಪ ಸಡಿಲ ಮಾಡಿದ್ದಾರೆ. ಆಟ ಮುಂದುವರಿದು ನ್ಯಾಶನಲಿಸಂ ಎಂಬ ಹಂತ ಬಂದ ಮೇಲೆ ಒಂದೇ ಬಗೆಯ ಎರಡು ಯೂನಿಟ್ ಸೇರಿಸಿದರೆ ಕೋರ್, ಬಲ 10 ಜಾಸ್ತಿ. ಮೊಬಿಲೈಸೇಶನ್ ಬಂದ ಮೇಲೆ ಮೂರು ಸೇರಿದರೆ ಆರ್ಮಿ, 17 ಜಾಸ್ತಿ. ಲೆಕ್ಕ ಹಾಕಿ ನೋಡಿ, ಮೂರನೆಯದರಿಂದ ಸಿಗುವುದು 7 ಮಾತ್ರ. ಜಾಗ ಇಕ್ಕಟ್ಟಾಗಿದ್ದರೆ ಮಾತ್ರ ನಾನು ಮೂರನೆಯದನ್ನು ಸೇರಿಸುತ್ತೇನೆ.

ಉತ್ತರ 3: ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3 ಕಡೆ ಬಂದರೆ ಗೊಂದಲ ಮಾಡಿಕೊಳ್ಳಬೇಡಿ. ಅಲ್ಲಿ ಸ್ಟ್ಯಾಕ್ ಅಂದರೆ ಒಂದೇ ಜಾತಿಯ ಜೀವಿಗಳ ಗುಂಪು. ಹೀರೋ ಹತ್ತಿರ ಏಳು ಸ್ಲಾಟ್. ಒಂದು ಸ್ಲಾಟಿನಲ್ಲಿ ಒಂದು ಇಂಪ್ (ಪುಟ್ಟ ಪಿಶಾಚಿ) ಇರಬಹುದು, ಐನೂರೂ ಇರಬಹುದು.

ಎಲ್ಲ ಒಂದೇ ಕಡೆ ಸೇರಿಸುವುದು ಒಳ್ಳೆಯದು ಅಂತ ಅನಿಸುತ್ತದೆ. ನಾನು ಮಾತ್ರ ಯಾವಾಗಲೂ ಒಂದು ಇಂಪನ್ನು ಬೇರೆ ಸ್ಲಾಟಿಗೆ ಹಾಕುತ್ತೇನೆ. ಯಾಕೆ ಗೊತ್ತಾ? ಹೊಡೆಸಿಕೊಂಡ ಗುಂಪು ತಿರುಗಿ ಹೊಡೆಯುವುದು ಒಂದು ಸುತ್ತಿನಲ್ಲಿ ಒಂದೇ ಸಲ. ಮೊದಲು ಒಂಟಿ ಇಂಪ್ ಹೋಗಿ ಚಿವುಟುತ್ತದೆ. ಎದುರಾಳಿಯ ಡ್ರ್ಯಾಗನ್‌ಗಳೆಲ್ಲ ಸೇರಿ ಅದನ್ನು ಬೂದಿ ಮಾಡುತ್ತವೆ. ಆಮೇಲೆ ನನ್ನ ದೊಡ್ಡ ಗುಂಪು ನಿಶ್ಚಿಂತೆಯಿಂದ ಹೊಡೆಯುತ್ತದೆ, ಎದುರೇಟೇ ಇಲ್ಲ. ಗ್ರಿಫಿನ್‌ಗಳ (ಹದ್ದಿನ ತಲೆ, ಸಿಂಹದ ಮೈಯ ಜೀವಿಗಳು) ಹತ್ತಿರ ಈ ಉಪಾಯ ನಡೆಯುವುದು ಕಷ್ಟ. ಅವು ಎರಡು ಸಲ ತಿರುಗಿ ಹೊಡೆಯುತ್ತವೆ, ರಾಯಲ್ ಗ್ರಿಫಿನ್‌ಗಂತೂ ಲೆಕ್ಕವೇ ಇಲ್ಲ.

ಉತ್ತರ 4: ಏಜ್ ಆಫ್ ವಂಡರ್ಸ್ 4 ಬಗ್ಗೆ ಒಂದೇ ಮಾತು. ಒಂದು ಸೈನ್ಯದಲ್ಲಿ ಆರು ಯೂನಿಟ್. ಯುದ್ಧ ಶುರುವಾದರೆ ಪಕ್ಕದ ಹೆಕ್ಸಿನ ಸೈನ್ಯಗಳೂ ಸೇರುತ್ತವೆ. ಒಂದು ಕಡೆಗೆ ಹೆಚ್ಚೆಂದರೆ ಮೂರು ಸೈನ್ಯ, ಅಂದರೆ ಹದಿನೆಂಟು ಯೂನಿಟ್. ನಾನು ಎರಡನೇ ಸೈನ್ಯವನ್ನು ಎರಡು ಹೆಕ್ಸ್ ಹಿಂದೆ ಬಿಟ್ಟಿದ್ದೆ, ಸುಸ್ತಾಗಿದೆ ಪಾಪ ಅಂತ. ಯುದ್ಧದ ಪರದೆ ತೆರೆದಾಗ ನನ್ನ ಕಡೆ ಆರೇ ಜನ, ಎದುರು ಹದಿನೆಂಟು. ನಡೆಸುವಾಗ ಜೋಡಿಯಾಗಿ ನಡೆಸಿ.

2025ರ ಸಿವಿಲೈಸೇಶನ್ 7ರಲ್ಲೂ ಹೆಚ್ಚುಕಡಿಮೆ ಇದೇ ದಾರಿ. ಕಮಾಂಡರ್ ಒಳಗೆ ನಾಲ್ಕು ಯೂನಿಟ್ ತುಂಬಿಕೊಂಡು ನಡೆಯಬಹುದು, ಹೊಡೆದಾಟಕ್ಕೆ ಮಾತ್ರ ಇಳಿಸಿ ಹರಡಬೇಕು. ಉತ್ತರ 2ರವರ ಜಾಮ್ ತಾಪತ್ರಯ ಇದರಿಂದ ಎಷ್ಟೋ ಕಡಿಮೆ.

ಕೇಳಿದವರು ಮತ್ತೆ: ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಒಂಬತ್ತನ್ನು ಮೂರು ಮೂರಾಗಿ ಹಂಚಿ ಹೊರಟೆ. ಅದೇ ಕ್ಯಾಟಪಲ್ಟ್ ಮತ್ತೆ ಬಂತು, ಮೂರು ಹೋದವು, ಆರು ಉಳಿದವು. ಹೊರಗೆ ಬಂದ ಕ್ಯಾಟಪಲ್ಟ್ ಬಯಲಲ್ಲಿ ಒಂಟಿಯಾಗಿತ್ತು, ಕುದುರೆಯಿಂದ ಮುಗಿಸಿದೆ. ಒಂದು ಅನುಮಾನ ಮಾತ್ರ ಉಳಿದಿದೆ: ಕೋಟೆ ಕಟ್ಟಲು ಕರೆದೊಯ್ದ ಕೆಲಸಗಾರನೂ ಆ ಮೂರರ ಟೈಲಿನಲ್ಲೇ ಇದ್ದ. ಅವನನ್ನು ಎಲ್ಲಿ ನಿಲ್ಲಿಸುತ್ತೀರಿ ನೀವೆಲ್ಲ?

ಉತ್ತರ 1: ಎರಡು ಟೈಲ್ ಹಿಂದೆ, ಒಬ್ಬ ಈಟಿಯವನ ಜೊತೆ. ಸೈನ್ಯ ಗುಡ್ಡ ಹಿಡಿದ ಮೇಲೆ ಕರೆಸಿಕೊಳ್ಳಿ. ಒಬ್ಬನಲ್ಲ, ಮೂವರನ್ನು ಕರೆದೊಯ್ಯಿರಿ, ಕೋಟೆ ಬೇಗ ಏಳುತ್ತದೆ.