ಅಪ್‌ಡೇಟ್: ಬಚ್ಚಲುಮನೆಗೆ ನಾನೇ ಬಣ್ಣ ಹಚ್ಚಿದೆ

ಬಚ್ಚಲುಮನೆಯಲ್ಲಿ ಟೈಲ್ಸ್‌ಗಿಂತ ಮೇಲಿನ ಗೋಡೆ ಮತ್ತು ಸೀಲಿಂಗ್‌ನ ಹಳೆಯ ಡಿಸ್ಟೆಂಪರ್ (ಸೀಮೆಸುಣ್ಣದ ಪುಡಿ ಬೆರೆತ ಅಗ್ಗದ ಬಣ್ಣ) ಹಕ್ಕಳೆಯೆದ್ದು ಕಪ್ಪು ಬೂಷ್ಟು ಹಿಡಿದಿದೆ, ಅದರ ಮೇಲೆಯೇ ಎಮಲ್ಷನ್ (ಒರೆಸಿ ತೊಳೆಯಬಹುದಾದ ಪ್ಲಾಸ್ಟಿಕ್ ಬಣ್ಣ) ಹಚ್ಚಬಹುದೇ ಎಂದು ಬೇಸಿಗೆಯಲ್ಲಿ ಕೇಳಿದ್ದೆ. ಡಿಸ್ಟೆಂಪರನ್ನು ಪೂರ್ತಿ ಕೆರೆದು ತೆಗೆಯದೆ ಯಾವ ಬಣ್ಣವೂ ನಿಲ್ಲುವುದಿಲ್ಲವೆಂದು ಬಹುತೇಕರು ಉತ್ತರಿಸಿದ್ದಿರಿ. ಹಾಗೆಯೇ ಮಾಡಿದೆ.

ಶ್ರಮದ ಮುಕ್ಕಾಲು ಪಾಲು ಕೆರೆಯುವುದಕ್ಕೇ ಹೋಯಿತು. ಗೋಡೆಯನ್ನು ನೀರಿನಿಂದ ನೆನೆಸಿಕೊಂಡರೆ ಡಿಸ್ಟೆಂಪರ್ ಮೆತ್ತಗಾಗಿ ಸ್ಕ್ರೇಪರ್‌ಗೆ ಸುಲಭವಾಗಿ ಬರುತ್ತದೆ, ಧೂಳೂ ಏಳುವುದಿಲ್ಲ. ಬೂಷ್ಟು ಇದ್ದ ಕಡೆ ಬ್ಲೀಚಿಂಗ್ ಪೌಡರಿನ ನೀರು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದೆ. ಶೌಚಾಲಯ ತೊಳೆಯುವ ಆಸಿಡ್ ಇದರೊಂದಿಗೆ ಬೆರೆತರೆ ವಿಷಕಾರಿಯಾದ ಕ್ಲೋರಿನ್ ಅನಿಲ ಹೊರಡುವುದರಿಂದ, ಎರಡನ್ನೂ ಒಟ್ಟಿಗೆ ಬಳಸಲೇಬಾರದು, ಕಿಟಕಿಯೂ ತೆರೆದಿರಬೇಕು.

ಬಣ್ಣಕ್ಕೆ ಮೊದಲು ಗೋಡೆಯನ್ನು ನುಣುಪು ಮಾಡಲು ಬಳಿಯುವ ಪುಟ್ಟಿಗೆ ಅಂಗಡಿಯವರು ಅಕ್ರಿಲಿಕ್ ಬಗೆಯನ್ನೇ ಮುಂದಿಟ್ಟರೂ, ತೇವದ ಜಾಗಕ್ಕೆ ಬಿಳಿ ಸಿಮೆಂಟಿನ ಪುಟ್ಟಿಯೇ ತಕ್ಕದ್ದೆಂಬ ನಿಮ್ಮ ಸಲಹೆಯನ್ನು ನಾನು ಬಿಡಲಿಲ್ಲ. ಆ ಪುಟ್ಟಿ ಬಳಿದು, ಒಣಗಿದ ಮೇಲೆ ಸ್ಯಾಂಡ್ ಪೇಪರಿನಿಂದ ಉಜ್ಜಿ, ಬಣ್ಣ ಚೆನ್ನಾಗಿ ಹಿಡಿಯಲೆಂದು ಪ್ರೈಮರ್ ಹಚ್ಚಿ, ನಡುವೆ 4ರಿಂದ 6 ಗಂಟೆ ಬಿಟ್ಟು 2 ಕೋಟ್ ಎಮಲ್ಷನ್ ಕೊಟ್ಟೆ. ಟೈಲ್ಸ್ ಅಂಚಿನ ಮಾಸ್ಕಿಂಗ್ ಟೇಪನ್ನು ಬಣ್ಣ ಪೂರ್ತಿ ಒಣಗುವ ಮೊದಲೇ ಬಿಡಿಸಿದ್ದರಿಂದ ಗೆರೆ ನೇರವಾಗಿ ಬಂದಿದೆ.

ಮಳೆಗಾಲ ಕಳೆದರೂ ಗೋಡೆಯ ಮೇಲೆ ಬೂಷ್ಟು ಕಾಣಿಸಿಲ್ಲ. ಗೀಸರ್ ಮೇಲಿನ ಮೂಲೆಯಲ್ಲಿ ಮಾತ್ರ ಹಬೆ ಹನಿಗಟ್ಟುತ್ತಿರುವುದರಿಂದ, ಅಲ್ಲೊಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೇನೆ.