ಮುಧೋಳ ಮಿಶ್ರತಳಿ ನಾಯಿಗೆ ‘ಸಲೂಕಿ’ ಅಂತ ಡಿಎನ್‌ಎ ರಿಪೋರ್ಟ್!

ಉಣಕಲ್ ಕೆರೆ: ನಮ್ಮ ನಾಯಿ ರಾಣಿಯ ತಳಿ ತಿಳಿಯೋಕೆ ಡಿಎನ್‌ಎ ಟೆಸ್ಟ್ ಮಾಡಿಸಿದೆ, ದುಡ್ಡು ದಂಡ. ಅವಳ ತಾಯಿ ಅಪ್ಪಟ ಮುಧೋಳ, ಕಣ್ಣಾರೆ ನೋಡಿದ್ದೇನೆ. ರಿಪೋರ್ಟ್‌ನಲ್ಲಿ ವಿಲೇಜ್ ಡಾಗ್ 61%, ಸಲೂಕಿ (ಅರಬ್ ನಾಡಿನ ಬೇಟೆನಾಯಿ) 22%, ಗ್ರೇಹೌಂಡ್ 11%, ಜರ್ಮನ್ ಶೆಫರ್ಡ್ 6%. ಮುಧೋಳದ ಹೆಸರೇ ಇಲ್ಲ! ಹುಬ್ಬಳ್ಳಿಗೆ ಸಲೂಕಿ ಎಲ್ಲಿಂದ ಬಂತು?

ಬೆಟಗೇರಿ: ಸ್ವ್ಯಾಬ್ ಕೆಟ್ಟಿದೆ. ಕೆನ್ನೆ ಒಳಗೆ ತಿಕ್ಕುವ ಮುಂಚೆ ಊಟ ಹಾಕಿದ್ರಾ? ಬೇರೆ ನಾಯಿಯ ಜೊಲ್ಲು ಸೇರಿರಬೇಕು.

ಉಣಕಲ್ ಕೆರೆ: ಮನೇಲಿ ಇರೋದೇ ಒಂದು ನಾಯಿ.

ಬೆಟಗೇರಿ: ಪಕ್ಕದ ಮನೆಯದು?

ಸಪ್ತಾಪುರ: ಸ್ವ್ಯಾಬ್ ಬಿಡ್ರಿ ಸರ್. ಯಾವ ಕಂಪನಿ, ಅವರ ತಳಿ ಪಟ್ಟಿಯಲ್ಲಿ ಮುಧೋಳ ಇದೆಯಾ, ಅದನ್ನೇ ಇವರು ಬರೆದಿಲ್ಲ. ಲ್ಯಾಬ್‌ನವರು ಡಿಎನ್‌ಎ ತುಣುಕುಗಳನ್ನು ತಮ್ಮ ಹತ್ತಿರ ಇರುವ ತಳಿಗಳ ಜೊತೆ ಹೋಲಿಸುತ್ತಾರೆ, ಅಷ್ಟೆ. ಪಟ್ಟಿಯಲ್ಲಿ ಇಲ್ಲದ ತಳಿ ಸಿಕ್ಕರೆ ಹತ್ತಿರದ ನೆಂಟರ ಹೆಸರಿಗೆ ಹೋಗುತ್ತೆ. ಸಲೂಕಿ, ಗ್ರೇಹೌಂಡ್, ಮುಧೋಳ ಎಲ್ಲವೂ ಕಣ್ಣಿಂದ ಬೇಟೆ ಗುರುತಿಸಿ ಓಡುವ ಜಾತಿ. ನಿಮ್ಮ ರಿಪೋರ್ಟ್‌ನ ಸಲೂಕಿ, ಗ್ರೇಹೌಂಡ್ ಕೂಡಿದರೆ 33. ತಾಯಿಯಿಂದ ಬರೋದು ಅರ್ಧ, ಅಂದ್ರೆ 50. ಉಳಿದ 17 ವಿಲೇಜ್ ಡಾಗ್ ಲೆಕ್ಕಕ್ಕೆ ಬಿದ್ದಿರಬಹುದು.

ಬ್ಯಾಡಗಿ: 2005ರಲ್ಲಿ ಅಂಚೆ ಚೀಟಿ ಮೇಲೆ ಬಂದ ನಾಯಿ ಅದು. ಪಟ್ಟಿಯಲ್ಲಿ ಇಲ್ಲ ಅಂದ್ರೆ ಏನರ್ಥ? ನಮ್ಮದು ಮುಧೋಳ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದಲೇ ತಂದದ್ದು. ಹೊಲದಲ್ಲಿ ಬಿಟ್ಟರೆ ಬೈಕೇ ಹಿಂದೆ ಬೀಳುತ್ತೆ! ಅಂದಹಾಗೆ, ವಿಲೇಜ್ ಡಾಗ್ ಅಂದ್ರೆ ಕಂತ್ರಿ ಅಲ್ವಾ?

ಸಪ್ತಾಪುರ: ಅಲ್ಲ. ಬೀದಿನಾಯಿ ಹತ್ತು ತಳಿ ಬೆರೆತು ಆದದ್ದಲ್ಲ. ವಿಲಾಯತಿ ತಳಿಗಳಲ್ಲಿ ಹೆಚ್ಚಿನವು 19ನೇ ಶತಮಾನದಲ್ಲಿ ರೂಪುಗೊಂಡವು. ನಮ್ಮ ಊರ ನಾಯಿಗಳ ವಂಶ ಅದಕ್ಕಿಂತ ಹಳೆಯದು.

ಬ್ಯಾಡಗಿ: ಹಳೇದಾದರೇನು, ಓಟದಲ್ಲಿ ನಮ್ಮ ನಾಯಿ ಮುಂದೆ ಅವು ನಿಲ್ಲಲ್ಲ.

ಉಣಕಲ್ ಕೆರೆ: ಓಟದ ಮಾತು ಯಾರು ಕೇಳಿದ್ರು? ಅದೇ ಸೂಲಿನ ಗಂಡು ಮರಿ ನಮ್ಮ ಮಾವನ ಹತ್ತಿರ ಇದೆ. ಅದಕ್ಕೆ ಶೆಫರ್ಡ್ 24% ಬಂದಿದೆ. ಅದಕ್ಕೇ ಇಡೀ ರಿಪೋರ್ಟ್ ಸುಳ್ಳು ಅಂತಿದ್ದೇನೆ.

ಸಪ್ತಾಪುರ: ಇದನ್ನು ಈಗ ಹೇಳ್ತೀರಾ! ಬೆದೆಗೆ ಬಂದ ಹೆಣ್ಣುನಾಯಿ ಒಂದಕ್ಕಿಂತ ಹೆಚ್ಚು ಗಂಡಿನ ಜೊತೆ ಕೂಡಿದರೆ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರಬಹುದು. ಎರಡೂ ಒಂದೇ ಕಂಪನಿಯ ರಿಪೋರ್ಟ್ ಆದರೆ ಡಿಎನ್‌ಎ ಹೊಂದುವ ಸಂಬಂಧಿ ನಾಯಿಗಳನ್ನು ತೋರಿಸುವ ಪುಟ ತೆಗೆದು ನೋಡಿ. ಅಪ್ಪ ಅಮ್ಮ ಒಂದೇ ಆಗಿದ್ದರೆ ಹೊಂದಿಕೆ ಸುಮಾರು 50% ಇರುತ್ತೆ, ಅಪ್ಪ ಬೇರೆ ಆಗಿದ್ದರೆ 25% ಹತ್ತಿರ. ನಿಮ್ಮ 6% ಶೆಫರ್ಡನ್ನು ಮಾತ್ರ ಜಾಸ್ತಿ ನಂಬಬೇಡಿ. ಸಣ್ಣ ಪಾಲಿನಲ್ಲಿ ಲೆಕ್ಕ ತಪ್ಪೋದು ಸಹಜ.

ಬೆಟಗೇರಿ: ಮಾವನ ನಾಯಿ ನಿಮ್ಮ ಮನೆಗೆ ಬಂದುಹೋಗಿರುತ್ತಲ್ಲ? ನಾನು ಹೇಳಿದ್ದು ಅದೇ. ಜೊಲ್ಲು.

ಉಣಕಲ್ ಕೆರೆ: ಮಾವನಿಗೆ ಫೋನ್ ಮಾಡಿದೆ. ಪಾಸ್‌ವರ್ಡ್ ಮರೆತಿದ್ದಾರಂತೆ.